ಕಡಮತ್ ದ್ವೀಪಕ್ಕೆ ಹೊರಡುವ ಮುನ್ನ

ಮಹಾಕಾವ್ಯಕ್ಕೆ ವಿಹಿತವಾದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದು. ಅದನ್ನು ವರ್ಷವರ್ಷವೂ ಬೋಧಿಸುತ್ತ ಬಂದ ನಾನು ಸಮುದ್ರವನ್ನು ಕಂಡಿದ್ದುದು ದಡದಿಂದ ಮಾತ್ರ. “ಗುರುಗಳೇ, ಕಡಲ ನಡುವೆ ನಿಂತರೆ ಹೇಗಿರುತ್ತದೆ?” ಎಂದು ಒಂಬತ್ತನೆಯ ತರಗತಿಯ ಬಾಲಕನೊಬ್ಬ ಕೇಳಿದಾಗ ನಿಘಂಟಿನ ಪರ್ಯಾಯಪದಗಳಾವುವೂ ನನ್ನ ನೆರವಿಗೆ ಬರಲಿಲ್ಲ. 2019ರ ಜನವರಿಯಲ್ಲಿ ಲಕ್ಷದ್ವೀಪದ ಕಡಮತ್‌ಗೆ ನಾನು ಪ್ರಯಾಣ ಮಾಡಿದುದಕ್ಕೆ ಇದೇ ನಿಮಿತ್ತ.

ಆ ದ್ವೀಪ ನಮಗೆ ತೀರ ಪರಕೀಯವೇನೂ ಅಲ್ಲ. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲಾತ್, ಬಿತ್ರಾಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ಅಲ್ಲಿಯ ಹಳೆಯ ಬಂದರಿನಿಂದ ಮಂಜಿಗಳು ಈಗಲೂ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ಹೋಗುತ್ತವೆ. ಮಳೆಗಾಲದಲ್ಲಿ ಅದೂ ಇಲ್ಲ.

1967ರ ನಿಯಮಗಳಂತೆ ಹೊರಗಿನವರಿಗೆ ಪ್ರವೇಶದ ಪರವಾನಗಿ ಬೇಕು. ನನ್ನ ಶಿಷ್ಯನೊಬ್ಬನ ಸಹಪಾಠಿ, ಕಡಮತ್‌ನವರೇ ಆದ ಅಧ್ಯಾಪಕರು ಆತಿಥೇಯರಾಗಲು ಒಪ್ಪಿದರು. ಪೊಲೀಸು ಠಾಣೆ, ಕೊಚ್ಚಿಯ ಹಡಗಿನ ಟಿಕೇಟು ಇವುಗಳ ಅಲೆದಾಟವನ್ನು ವಿಸ್ತರಿಸುವುದಿಲ್ಲ. ಹಡಗು ತಡವಾದೀತೆಂದು ಐದು ದಿನದ ರಜೆಯನ್ನೂ ರಕ್ತದೊತ್ತಡದ ಗುಳಿಗೆಗಳನ್ನೂ ಹೆಚ್ಚಾಗಿ ಇಟ್ಟುಕೊಂಡದ್ದು ಮಾತ್ರ ಜಾಣತನವಾಯಿತು.

ನಾನು ಸಿದ್ಧಪಡಿಸಿದ ಪಟ್ಟಿಯಲ್ಲಿ ಎರಡು ಹೊತ್ತಿನ ಸ್ನಾನ, ಲಿಂಗಪೂಜೆಗೆ ಪತ್ರೆ, ಊಟಕ್ಕೆ ಹಸಿ ತರಕಾರಿ ಎಲ್ಲವೂ ಇದ್ದವು. ದೂರವಾಣಿಯಲ್ಲಿ ಕೇಳಿದೆ: “ಅಲ್ಲಿ ತರಕಾರಿ ಸಿಗುತ್ತದೆಯೇ?”

“ಸಿಗುತ್ತದೆ ಮಾಷೇ, ನಿಮ್ಮ ಮಂಗಳೂರಿನದೇ. ಮಂಜಿ ಬಂದರೆ.”

ನೀರಿನ ಮಾತೆತ್ತಿದಾಗ ಅವರು ಸ್ವಲ್ಪ ತಡೆದು ವಿವರಿಸಿದರು. ದ್ವೀಪ ಸುಮಾರು 9 ಕಿಲೋಮೀಟರು ಉದ್ದ. ಅಗಲ ಹೆಚ್ಚೆಂದರೆ ಅರ್ಧ ಕಿಲೋಮೀಟರಿಗಿಂತ ತುಸು ಅಧಿಕ. ಹೊಳೆಯಿಲ್ಲ, ಹಳ್ಳವಿಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಅತಿಯಾಗಿ ಸೇದಿದರೆ ಬಾವಿಗೆ ಉಪ್ಪು ಏರುತ್ತದೆ. ಇಷ್ಟು ಹೇಳಿ, “ನಿಮಗೆ ಬೇಕಾದಷ್ಟು ಕೊಡುತ್ತೇವೆ” ಎಂದರು. ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ಒಂದು ಮನೆಯ ಬಾವಿಯನ್ನು ನನ್ನ ಮಡಿಗಾಗಿ ಬರಿದುಮಾಡುವುದು ಯಾವ ಆಚಾರ?

ಪಟ್ಟಿಯನ್ನು ಹರಿದು ಬೇರೆ ಬರೆದೆ. ಸ್ನಾನ ಒಂದು ಹೊತ್ತು, ಒಂದೇ ಬಿಂದಿಗೆ. ಪೂಜೆಗೆ ಪತ್ರೆಯ ಬದಲು ವಿಭೂತಿಯೇ ಸಾಕು. ಜೋಳದ ಹಿಟ್ಟು, ಅವಲಕ್ಕಿ, ತೊಗರಿಬೇಳೆ, ಚಟ್ನಿಪುಡಿ ನನ್ನ ಪಾಲಿಗೆ. ಅವರ ಮನೆಗೆ ಹತ್ತು ಕಿಲೋ ಈರುಳ್ಳಿ, ಎರಡು ಕುಂಬಳಕಾಯಿ. “ದ್ವೀಪಕ್ಕೆ ಹೊರಟಿರೋ, ಸಂತೆಗೋ?” ಎಂದು ಮನೆಯವರು ನಕ್ಕರು.

ರಾತ್ರಿ ಹಡಗಿನ ಮೇಲೆ ನಿಂತಾಗ ಕತ್ತಲಲ್ಲಿ ಸಮುದ್ರ ಕಾಣಲಿಲ್ಲ; ಕಾಲ ಕೆಳಗೆ ಅಲುಗುತ್ತಿತ್ತು. ಊರಿಗೆ ಮರಳಿದ ಮೇಲೆ ಬಾಲಕನಿಗೆ ಹೇಳಿದ್ದೂ ಅಷ್ಟೇ. ಕಡಮತ್‌ನಲ್ಲಿ ಹಡಗು ಹವಳದ ದಿಬ್ಬಗಳ ಹೊರಗೇ ನಿಂತಿತು. ದಡ ಸೇರಲು ಸಣ್ಣ ದೋಣಿಗೆ ಇಳಿಯಬೇಕಾಯಿತು. ಕಟ್ಟೆಯ ಮೇಲೆ ಕಾದಿದ್ದ ಆತಿಥೇಯರು ಕೈಚಾಚಿ, “ಮಾಷೇ, ಮೊದಲು ಕುಂಬಳಕಾಯಿ ಕೊಡಿ, ಆಮೇಲೆ ನೀವು ಹತ್ತಿ ಬನ್ನಿ” ಎಂದರು.