ಆ ದಿನ ಗಾಳಿ ಹೇಗಿತ್ತು?

ಬನ್ನಿ, ಆ ಖಾಲಿ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ಮಾತಾಡಬೇಡಿ. ಇಲ್ಲಿ ಕೇಳುವವನು ಒಬ್ಬ, ಹೇಳುವವನು ಒಬ್ಬ.

1955ನೇ ಇಸವಿ. ಊರು ಕೊಲಂಬಿಯಾದ ರಾಜಧಾನಿ ಬೊಗೋಟಾ. ಆಂಡೀಸ್ ಬೆಟ್ಟಸಾಲಿನ ಮೇಲೆ, ಸಮುದ್ರಮಟ್ಟದಿಂದ 2,600 ಮೀಟರ್ ಎತ್ತರದಲ್ಲಿರುವ ಚಳಿಯ ಊರು. ಕಡಲು ನೋಡಬೇಕೆಂದರೆ ನೂರಾರು ಕಿಲೋಮೀಟರ್ ಇಳಿದು ಹೋಗಬೇಕು. ಇಂಥಲ್ಲಿ ಕೂತು ಇಬ್ಬರು ದಿನಗಟ್ಟಲೆ ಕಡಲಿನ ಮಾತಾಡುತ್ತಿದ್ದಾರೆ. ಹೇಳುವವನು ಲೂಯಿಸ್ ಅಲೆಹಾಂದ್ರೊ ವೆಲಾಸ್ಕೊ, 20 ವರ್ಷದ ಗಟ್ಟಿಮುಟ್ಟಾದ ನಾವಿಕ. ಕೇಳುವವನು ‘ಎಲ್ ಎಸ್ಪೆಕ್ತದೋರ್’ ಪತ್ರಿಕೆಯ ವರದಿಗಾರ, 28ರ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್. ನೊಬೆಲ್ ಬರಲು ಇನ್ನೂ 27 ವರ್ಷ ಇದೆ. ಸದ್ಯಕ್ಕೆ ಈ ಕೆಲಸ ಇವನಿಗೆ ಬೇಕಾಗಿಯೇ ಇರಲಿಲ್ಲ.

ಯಾಕೆ ಬೇಕಿತ್ತು ಹೇಳಿ? ವೆಲಾಸ್ಕೊನ ಕಥೆ ಅಷ್ಟರಲ್ಲಿ ಹಳಸಿಹೋಗಿತ್ತು. ಹತ್ತು ದಿನ ಅನ್ನನೀರಿಲ್ಲದೆ ತೆಪ್ಪದ ಮೇಲೆ ತೇಲಿ ಬದುಕಿ ಬಂದವನೆಂದು ಸರ್ಕಾರ ಅವನನ್ನು ಹೊತ್ತು ಮೆರೆಸಿತ್ತು. ರೇಡಿಯೋದಲ್ಲಿ ಮಾತಾಡಿಸಿಯಾಗಿತ್ತು, ಪದಕ ಕೊಟ್ಟಾಗಿತ್ತು. ಕಡಲಲ್ಲೂ ನಿಲ್ಲದೆ ಓಡಿದ ಗಡಿಯಾರವೆಂದು ಅವನ ಕೈಗಡಿಯಾರದ ಕಂಪನಿ ಜಾಹೀರಾತು ಮಾಡಿತ್ತು. ಹಸಿವಿಗೆ ಹರಿದು ತಿನ್ನೋಣವೆಂದರೂ ಹರಿಯದಷ್ಟು ಗಟ್ಟಿ ಶೂ ಎಂದು ಇನ್ನೊಂದು ಕಂಪನಿ. ಎಲ್ಲ ಮುಗಿದ ಮೇಲೆ ಹುಡುಗ ತಾನೇ ಪತ್ರಿಕೆಯ ಬಾಗಿಲಿಗೆ ಬಂದು, ಕಥೆ ಬೇಕೇ, ಎಷ್ಟು ಕೊಡುತ್ತೀರಿ ಎಂದ. ಬೇಡವೆಂದು ಸಾಗಹಾಕಿದರು. ಅವನು ಮೆಟ್ಟಿಲಿಳಿಯುತ್ತಿದ್ದಾಗ ಸಂಪಾದಕ ಗಿಯೆರ್ಮೊ ಕಾನೊಗೆ ಏನನ್ನಿಸಿತೋ, ಹಿಂದೆಯೇ ಹೋಗಿ ಕರೆತಂದು ಮಾರ್ಕ್ವೆಜ್‌ನ ಮುಂದೆ ಕೂರಿಸಿದ. ಪತ್ರಿಕೋದ್ಯಮದಲ್ಲಿ ಇಂಥ ಮೆಟ್ಟಿಲ ತಿರುವುಗಳಿಗೆ ಲೆಕ್ಕವಿಟ್ಟವರಿಲ್ಲ.

ದಿನಕ್ಕೆ ಆರು ಗಂಟೆಯಂತೆ ಇಪ್ಪತ್ತು ಬೈಠಕ್. ಮಾರ್ಕ್ವೆಜ್ ಟಿಪ್ಪಣಿ ಮಾಡಿಕೊಳ್ಳುತ್ತಾನೆ, ನಡುನಡುವೆ ಬಲೆ ಬೀಸುವ ಪ್ರಶ್ನೆ ಹಾಕುತ್ತಾನೆ. ಮೊನ್ನೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ತಾಳೆಯಾಗುತ್ತದೆಯೇ? ಆಗುತ್ತದೆ. ಹುಡುಗನಿಗೆ ಕಥೆ ಹೇಳುವ ಕಲೆ ಹುಟ್ಟಿನಿಂದ ಬಂದಿದೆ. ಏನಾಯಿತು ಎನ್ನುವುದರ ಜೊತೆಗೆ ಎಷ್ಟು ಗಂಟೆಗೆ ಆಯಿತು ಎನ್ನುವುದೂ ಅವನಿಗೆ ನೆನಪಿದೆ.

ಫೆಬ್ರುವರಿ 28. ‘ಕಾಲ್ದಾಸ್’ ಎಂಬ ಯುದ್ಧನೌಕೆಯ ಹಿಂಬದಿಯ ಡೆಕ್ಕಿನ ಮೇಲೆ ನೀವಿದ್ದೀರಿ. ಅಮೆರಿಕದ ಮೊಬೀಲ್ ಬಂದರಿನಲ್ಲಿ ಎಂಟು ತಿಂಗಳು ರಿಪೇರಿಗೆ ನಿಂತಿದ್ದ ಹಡಗು ಈಗ ಊರಿಗೆ, ಕಾರ್ತಹೇನಾ ಬಂದರಿಗೆ, ಮರಳುತ್ತಿದೆ. ಇನ್ನು ಎರಡು ತಾಸಿನ ದಾರಿ. ಕೆರಿಬಿಯನ್ ಕಡಲು ಎತ್ತಿ ಎತ್ತಿ ಹಾಕುತ್ತಿದೆ. ಹಡಗು ಒಂದು ಮಗ್ಗುಲಿಗೆ ವಾಲುತ್ತದೆ, ನೆಟ್ಟಗಾಗಲು ತಡಮಾಡುತ್ತದೆ, ಮತ್ತೆ ವಾಲುತ್ತದೆ. ಒಂದು ಅಲೆ ಬರುತ್ತದೆ, ಅಷ್ಟೇ. ನೀರಿನಿಂದ ತಲೆ ಎತ್ತಿ ನೋಡಿದರೆ ಹಡಗು ಆಗಲೇ ದೂರ. ಅದು ತಿರುಗುವುದಿಲ್ಲ.

ಕಡಲಿಗೆ ಬಿದ್ದವರು ಎಂಟು ಮಂದಿ. ತೇಲುತ್ತಿದ್ದ ಬೆಂಡಿನ ತೆಪ್ಪವೊಂದು ವೆಲಾಸ್ಕೊನ ಕೈಗೆ ಸಿಕ್ಕಿತು. ನಡುವೆ ಹಗ್ಗದ ಜಾಲರಿಯ ತಳ. ಹತ್ತಿ ಕೂತು ನೋಡಿದರೆ ಸಂಗಾತಿಗಳು ಅಲ್ಲೊಬ್ಬ ಇಲ್ಲೊಬ್ಬ ಈಜುತ್ತಿದ್ದಾರೆ. ಲೂಯಿಸ್ ರೆಂಗಿಫೊ ಎಲ್ಲರಿಗಿಂತ ಹತ್ತಿರ. ಈ ಕಡೆಗೆ ಹುಟ್ಟು ಹಾಕೋ ಎಂದು ಕೂಗುತ್ತಾನೆ. ವೆಲಾಸ್ಕೊ ಹುಟ್ಟು ಹಾಕುತ್ತಾನೆ, ಎದುರು ಗಾಳಿ ತೆಪ್ಪವನ್ನು ಹಿಂದಕ್ಕೆ ತಳ್ಳುತ್ತದೆ. ಇನ್ನೇನು ಕೈಗೆ ಸಿಗಬೇಕು ಎನ್ನುವಷ್ಟು ಹತ್ತಿರ ಬಂದ ರೆಂಗಿಫೊ ಒಂದು ಅಲೆ ಎದ್ದಾಗ ಕಾಣುತ್ತಾನೆ, ಇಳಿದಾಗ ಇಲ್ಲ. ಆಮೇಲೆ ಯಾರೂ ಇಲ್ಲ. ಕೈಗಡಿಯಾರ ಮಾತ್ರ ಓಡುತ್ತಲೇ ಇದೆ.

ಗಡಿಯಾರ ಇರುವುದು ಎಂಥ ಶಿಕ್ಷೆ ಎಂದು ತಿಳಿಯಬೇಕಾದರೆ ಆ ತೆಪ್ಪದ ಮೇಲೆ ಕೂರಬೇಕು. ರಾತ್ರಿಯಿಡೀ ಮಿನಿಟು ಮಿನಿಟೂ ಕಾಣುತ್ತದೆ. ಹಗಲಲ್ಲಿ ವಿಮಾನಗಳು ಬರುತ್ತವೆ. ಒಂದಂತೂ ತೀರಾ ಕೆಳಗೆ, ನೇರ ತಲೆಯ ಮೇಲೆಯೇ ಹಾರಿತು. ಕಂಡರು, ಕಂಡೇ ಕಂಡರು ಎಂದು ವೆಲಾಸ್ಕೊ ಅಂಗಿ ಬೀಸಿದ. ಮೇಲಿನಿಂದ ನೋಡುವವರಿಗೆ ನೊರೆಯ ಅಲೆಗಳ ನಡುವೆ ಬಿಳಿಯ ತೆಪ್ಪ ಇನ್ನೊಂದು ನೊರೆ. ನಾಲ್ಕು ದಿನ ಹುಡುಕಿ ಕೈಬಿಟ್ಟರು.

ಸಂಜೆ ಐದು ಹೊಡೆಯುತ್ತಿದ್ದಂತೆ ಶಾರ್ಕ್‌ಗಳು ಬರುತ್ತವೆ. ದಿನವೂ ಐದಕ್ಕೇ, ಪಾಳಿ ಬದಲಾಯಿಸುವ ಗಿರಣಿ ಕಾರ್ಮಿಕರಂತೆ. ನಿಮ್ಮ ಕೆಳಗಿರುವುದು ಬರೀ ಜಾಲರಿ, ಜಾಲರಿಯ ಕೆಳಗೆ ಅವು. ಕಾಲು ಮೇಲಕ್ಕೆಳೆದುಕೊಂಡು ಮುದುರಿ ಕೂರುತ್ತೀರಿ.

ಹಸಿವಿನ ಕಥೆಯನ್ನು ಮಾರ್ಕ್ವೆಜ್ ಬಹಳ ಹೊತ್ತು ಕೆದಕಿದ. ಮೈಮೇಲೆ ಬಂದು ಕೂತ ಪುಟ್ಟ ಕಡಲಕ್ಕಿಯನ್ನು ಹಿಡಿದು ಕತ್ತು ಮುರಿದದ್ದು, ಪುಕ್ಕ ಕಿತ್ತು ಬಾಯಿಗಿಟ್ಟರೆ ಗಂಟಲಲ್ಲಿ ಇಳಿಯದೆ ಹೋದದ್ದು. ಶೂ, ಬೆಲ್ಟು ಕಚ್ಚಿ ಸೋತದ್ದು. ಜೇಬಿನಲ್ಲಿ ಮೊಬೀಲ್‌ನ ಅಂಗಡಿಯೊಂದರ ಕಾರ್ಡುಗಳು ಒದ್ದೆಯಾಗಿ ಸಿಕ್ಕಿದವು. ಅವನ್ನು ಅಗಿದಾಗ ಬಾಯಲ್ಲಿ ಏನೋ ಇದೆ ಎನ್ನುವ ಸಮಾಧಾನ. ಒಂದು ದಿನ ಶಾರ್ಕ್‌ಗೆ ಹೆದರಿ ಚಿಮ್ಮಿದ ಮೀನು ತೆಪ್ಪದೊಳಕ್ಕೇ ಬಿತ್ತು. ಎರಡು ತುತ್ತು ಹಸಿಯಾಗಿಯೇ ತಿಂದ. ಆಮೇಲೆ, ನೋಡಿ, ಮನುಷ್ಯನ ಅಭ್ಯಾಸ! ರಕ್ತ ಮೆತ್ತಿಕೊಂಡಿದೆಯೆಂದು ಮೀನನ್ನು ನೀರಿನಲ್ಲಿ ಅದ್ದಿ ತೊಳೆಯಲು ಹೋದ. ಶಾರ್ಕ್ ಕಿತ್ತುಕೊಂಡು ಹೋಯಿತು. ಇಡೀ ಕಥನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ಜಾಗ. ಅಲೆ, ಹಸಿವು, ಒಂಟಿತನವನ್ನು ಯಾರಾದರೂ ಕಲ್ಪಿಸಿಯಾರು. ಸಾಯುವ ಹೊತ್ತಿನಲ್ಲೂ ತಿನ್ನುವ ಮುಂಚೆ ತೊಳೆಯಬೇಕೆನ್ನುವ ಆ ಕೈಯನ್ನು, ಎದುರು ಕೂತು ಕೇಳದ ಹೊರತು, ಯಾರೂ ಕಲ್ಪಿಸಲಾರರು.

ರಾತ್ರಿ ಹೊತ್ತು ಹಳೆಯ ಸ್ನೇಹಿತನೊಬ್ಬ ಬಂದು ತೆಪ್ಪದ ತುದಿಯಲ್ಲಿ ಕೂತು ಮಾತಾಡುತ್ತಿದ್ದ. ಬೀಗದ ಕೈಯಿಂದ ತೆಪ್ಪದ ಅಂಚಿನಲ್ಲಿ ದಿನಕ್ಕೊಂದು ಗೀರು ಎಳೆದು, ಕೊನೆಗೆ ಆ ಲೆಕ್ಕದ ಮೇಲೂ ಅನುಮಾನ ಬಂತು. ಹತ್ತನೆಯ ದಿನ ತೆಂಗಿನ ಮರಗಳು ಕಂಡವು. ಇದೂ ಭ್ರಮೆಯಿರಬೇಕೆಂದುಕೊಂಡೇ ನೀರಿಗೆ ಹಾರಿ ಈಜಿದ. ದಡದಲ್ಲಿ ಮೊದಲು ಕಂಡ ಹುಡುಗಿ ಅವನನ್ನು ನೋಡಿ ಹೆದರಿ ಓಡಿದಳು. ಆಮೇಲೆ ಬಂದ ಊರಿನವರು ಜೋಲಿ ಕಟ್ಟಿ ಹೊತ್ತುಕೊಂಡು ಹೋದರು, ಹಿಂದೆ ನೂರಾರು ಜನ.

ಇಷ್ಟೂ ಚೆನ್ನಾಗಿದೆ. ಆದರೆ ಮಾರ್ಕ್ವೆಜ್‌ಗೆ ಮೊದಲ ಕಂತು ಗಟ್ಟಿಯಾಗಬೇಕು. ಆದ್ದರಿಂದ ಹಡಗಿನಿಂದ ಬಿದ್ದ ಕ್ಷಣಕ್ಕೆ ಮರಳಿ, ಬಿರುಗಾಳಿಯನ್ನು ವಿವರಿಸು ಎನ್ನುತ್ತಾನೆ. ಸರ್ಕಾರ ಹೇಳಿದ್ದೂ ಅದನ್ನೇ, ಪತ್ರಿಕೆಗಳು ಬರೆದದ್ದೂ ಅದನ್ನೇ: ಬಿರುಗಾಳಿ, ದೈವಾಧೀನ, ಎಂಟು ಮಂದಿ.

ವೆಲಾಸ್ಕೊ ನಗುತ್ತಾನೆ. ಅಂಥದ್ದೇನೂ ಇರಲಿಲ್ಲ ಎನ್ನುತ್ತಾನೆ.

ಮಾರ್ಕ್ವೆಜ್ ಹವಾಮಾನ ಇಲಾಖೆಯನ್ನು ಕೇಳಿಸಿದ. ಹೌದು, ಆ ಫೆಬ್ರುವರಿಯಲ್ಲಿ ಕೆರಿಬಿಯನ್ ಕಡಲಿನಲ್ಲಿ ಬಿರುಗಾಳಿ ಎದ್ದಿರಲಿಲ್ಲ. ಗಾಳಿ ಜೋರಾಗಿತ್ತು, ಅಷ್ಟೇ. ಹಾಗಾದರೆ ಹಡಗು ವಾಲಿದ್ದು ಯಾಕೆ? ಡೆಕ್ಕಿನ ಮೇಲೆ ರೆಫ್ರಿಜರೇಟರ್, ವಾಷಿಂಗ್ ಮಷೀನ್, ಟಿವಿ ಪೆಟ್ಟಿಗೆಗಳನ್ನು ಪೇರಿಸಿದ್ದರು, ಸರಿಯಾಗಿ ಬಿಗಿದಿರಲಿಲ್ಲ. ಮೊಬೀಲ್‌ನಿಂದ ಮನೆಗೆ ಕದ್ದುಮುಚ್ಚಿ ತರುತ್ತಿದ್ದ ಸಾಮಾನು. ಗಾಳಿಗೆ ಹಡಗು ಮಗ್ಗುಲಾದಾಗ ಕಟ್ಟು ಬಿಚ್ಚಿತು, ಪೆಟ್ಟಿಗೆಗಳ ಜೊತೆ ಮನುಷ್ಯರೂ ಹೋದರು. ಭಾರ ಹೆಚ್ಚಾಗಿದ್ದ ಹಡಗಿಗೆ ತಿರುಗಿ ಬಂದು ಅವರನ್ನು ಎತ್ತಿಕೊಳ್ಳಲಾಗಲಿಲ್ಲ. ಯುದ್ಧನೌಕೆ ಸರಕು ಹೊರುವುದೇ ಕಾನೂನಿಗೆ ವಿರುದ್ಧ; ಇದಂತೂ ಕಳ್ಳಮಾಲು.

ಆಗ ಕೊಲಂಬಿಯಾವನ್ನು ಆಳುತ್ತಿದ್ದವನು ಸರ್ವಾಧಿಕಾರಿ ಗುಸ್ತಾವೊ ರೋಹಾಸ್ ಪಿನಿಯ. ಹದಿನಾಲ್ಕು ಕಂತುಗಳು ವೆಲಾಸ್ಕೊನ ಹೆಸರಿನಲ್ಲೇ, ‘ನಾನು’ ಎಂಬ ದನಿಯಲ್ಲೇ ಬಂದವು. ಓದುಗರು ಹಿಂದಿನ ಸಂಚಿಕೆಗಳಿಗಾಗಿ ಪತ್ರಿಕೆಯ ಬಾಗಿಲಲ್ಲಿ ಮುಗಿಬಿದ್ದರು. ಹಡಗಿನಲ್ಲಿ ಸರಕೇ ಇರಲಿಲ್ಲವೆಂದು ಸರ್ಕಾರ ಸಾರಿತು. ಪತ್ರಿಕೆಯವರು ಜಗಳಕ್ಕೆ ಹೋಗಲಿಲ್ಲ. ಕ್ಯಾಮೆರಾ ಇದ್ದ ನಾವಿಕರನ್ನು ಹುಡುಕಿ ಅವರ ಫೋಟೋಗಳನ್ನು ಕೊಂಡು, ಇಡೀ ಕಥನದ ವಿಶೇಷ ಪುರವಣಿಯಲ್ಲಿ ಅಚ್ಚು ಹಾಕಿದರು. ಗೆಳೆಯರು ಹೆಗಲ ಮೇಲೆ ಕೈಹಾಕಿ ನಗುತ್ತಾ ನಿಂತಿದ್ದಾರೆ, ನಡುಗಡಲಿನಲ್ಲಿ. ಅವರ ಬೆನ್ನ ಹಿಂದೆ ಪೆಟ್ಟಿಗೆಗಳು, ಕಂಪನಿಯ ಹೆಸರು ಓದುವಷ್ಟು ಸ್ಪಷ್ಟವಾಗಿ.

ಮುಂದಿನದು ಬೇಗ ಬೇಗ ನಡೆದುಹೋಯಿತು. ಮಾರ್ಕ್ವೆಜ್ ಯುರೋಪಿಗೆ ಹೋದ. ತಿಂಗಳುಗಳ ನಂತರ ಪತ್ರಿಕೆಯೇ ಮುಚ್ಚಿತು, ಅವನು ಪ್ಯಾರಿಸ್‌ನಲ್ಲಿ ಕೈಯಲ್ಲಿ ಕಾಸಿಲ್ಲದೆ ಉಳಿದ. ವೆಲಾಸ್ಕೊ ನೌಕಾಪಡೆ ಬಿಡಬೇಕಾಯಿತು, ಎಷ್ಟೋ ವರ್ಷದ ಮೇಲೆ ಬಸ್ ಕಂಪನಿಯೊಂದರ ಮೇಜಿನ ಹಿಂದೆ ಕಂಡುಬಂದ. 1970ರಲ್ಲಿ ಬಾರ್ಸಿಲೋನಾದಲ್ಲಿ ಕಥನ ಪುಸ್ತಕವಾದಾಗ ಮೊದಲ ಸಲ ಮಾರ್ಕ್ವೆಜ್‌ನ ಹೆಸರು ಬಿತ್ತು. ಪ್ರಕಾಶಕರಿಗೆ ಬೇಕಿರುವುದು ಕಥೆಗಿಂತ ನನ್ನ ಹೆಸರು ಎಂದು ಮುನ್ನುಡಿಯಲ್ಲೇ ಗೊಣಗಿ, ಗೌರವಧನವನ್ನು ವೆಲಾಸ್ಕೊಗೆ ಬಿಟ್ಟುಕೊಟ್ಟ. ವರ್ಷಗಟ್ಟಲೆ ಆ ಹಣ ತೆಗೆದುಕೊಂಡ ವೆಲಾಸ್ಕೊ, ಆಮೇಲೆ ಹಕ್ಕೂ ತನ್ನದೇ ಎಂದು ಕೋರ್ಟಿಗೆ ಹೋದ. ತೀರ್ಪು ಮಾರ್ಕ್ವೆಜ್‌ನ ಪರವಾಗಿ ಬಂತು. ಉಪಕಾರಗೇಡಿ ಎಂದು ಅನೇಕರು ವೆಲಾಸ್ಕೊನನ್ನು ಬೈದರು. ನನಗೇನೋ ಅವನ ಮೇಲೆ ಸಿಟ್ಟು ಬರುವುದಿಲ್ಲ. ಮೆರವಣಿಗೆ, ಕೆಲಸ, ಸರ್ಕಾರದ ಕೃಪೆ ಎಲ್ಲವನ್ನೂ ಒಂದೇ ಒಂದು ನಿಜಕ್ಕೆ ಕಳೆದುಕೊಂಡವನು ಅವನು; ಮಾರಲು ಅವನ ಹತ್ತಿರ ಉಳಿದಿದ್ದುದು ಆ ಹತ್ತು ದಿನ ಮಾತ್ರ.