ದಲ್ಲಾಳಿಯ ಕೈಗೆ ಬೀಗದ ಕೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮೂರನೆಯದೊಂದನ್ನು ಹೇಳದೆ ಬಿಟ್ಟರು: ಕಟ್ಟಿದ ಮನೆಯನ್ನು ದಲ್ಲಾಳಿಗೆ ಒಪ್ಪಿಸಿ ನೋಡು!

ಬೆಂಗಳೂರಿನಲ್ಲಿ ಮನೆಯುಳ್ಳ ಅನೇಕರು ಇಂದು ಬೆಂಗಳೂರಿನಲ್ಲಿ ಇಲ್ಲ. ಮಗನೊಡನೆ ಪುಣೆಯಲ್ಲಿಯೋ ಮಗಳೊಡನೆ ಕಡಲಾಚೆಯೋ ನೆಲಸಿರುವ ವೃದ್ಧರಿಗೆ ದಲ್ಲಾಳಿಯೇ ಕಣ್ಣು, ದಲ್ಲಾಳಿಯೇ ಕಿವಿ. ಬಾಡಿಗೆದಾರನನ್ನು ಹುಡುಕಿಕೊಟ್ಟು ಒಂದು ತಿಂಗಳ ಬಾಡಿಗೆಯನ್ನು ಶುಲ್ಕವಾಗಿ ಪಡೆಯುವವರೆಗೆ ಆತನ ವಿನಯವು ಹೇಳತೀರದು. ಅನಂತರ ಮೌನವ್ರತ. 1908ರ ನೋಂದಣಿ ಕಾಯಿದೆಯು ಒಂದು ವರ್ಷವನ್ನು ಮೀರಿದ ಬಾಡಿಗೆಪತ್ರಕ್ಕೆ ನೋಂದಣಿಯನ್ನು ಕಡ್ಡಾಯಗೊಳಿಸಿರುವುದರಿಂದ 11 ತಿಂಗಳ ಕರಾರು ರೂಢಿಗೆ ಬಂದಿದೆಯಷ್ಟೆ. ದಲ್ಲಾಳಿಯ ವ್ರತವೂ ಹನ್ನೊಂದನೆಯ ತಿಂಗಳಿಗೇ ಮುಗಿಯುತ್ತದೆ. ಹೊಸ ಕರಾರು ಎಂದರೆ ಹೊಸ ಶುಲ್ಕ.

ಮೈಸೂರಿನಲ್ಲಿದ್ದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಜಯನಗರದಲ್ಲಿ ಒಂದು ಪುಟ್ಟ ಮನೆ. ಗೋಡೆಯ ರಿಪೇರಿಗೆಂದು ದಲ್ಲಾಳಿಯು ಬಾಡಿಗೆಯಲ್ಲಿ ಎರಡು ಸಲ ಹಣ ಮುರಿದುಕೊಂಡನು, ರಸೀತಿ ಬರಲಿಲ್ಲ. ಕೇಳಿದರೆ, ಬಾಡಿಗೆದಾರರೇ ಮನೆಯನ್ನು ಹಾಳುಮಾಡುವ ಜನ ಎಂಬ ಉತ್ತರ. ಕೊನೆಗೆ ಅವರೇ ಬಸ್ಸು ಹತ್ತಿ ಬಂದು ನೋಡಿದರು. ಗೋಡೆಯಿಂದ ನೀರು ಜಿನುಗುತ್ತಲೇ ಇತ್ತು. ಮಕ್ಕಳ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು. “ನೀವೇ ದುಡ್ಡು ಕೊಡಲೊಲ್ಲಿರಿ ಎಂದು ಹೇಳಿದರಲ್ಲ ಸಾರ್!” ಎಂದು ಮನೆಯಾಕೆ ಬೆರಗಾದಳು. ಇಬ್ಬರು ಸಜ್ಜನರು ಒಬ್ಬರನ್ನೊಬ್ಬರು ಕಾಣದೆಯೇ ವೈರಿಗಳಾಗಿದ್ದರು.

ಇಂತಹ ಒಡೆಯರು ನಿರುಪಾಯರೇನೂ ಅಲ್ಲ. 1872ರ ಕರಾರು ಕಾಯಿದೆಯ 213ನೆಯ ಕಲಮಿನ ಪ್ರಕಾರ, ಒಡೆಯನು ಕೇಳಿದಾಗ ಏಜೆಂಟನು ಸರಿಯಾದ ಲೆಕ್ಕವನ್ನು ಒಪ್ಪಿಸಲೇಬೇಕು. 211ನೆಯ ಕಲಮಿನಂತೆ ಒಡೆಯನ ಸೂಚನೆಯನ್ನು ಮೀರಿ ನಡೆದು ನಷ್ಟವುಂಟುಮಾಡಿದರೆ ಅದನ್ನು ತುಂಬಿಕೊಡಬೇಕು. ಉಪಾಧ್ಯಾಯರು ಲೆಕ್ಕವನ್ನು ಬರಹದಲ್ಲಿ ಕೇಳಿದರು. ಒಂದು ರಿಪೇರಿಯ ಹಣ ಹಿಂದಿರುಗಿತು. ಇನ್ನೊಂದು “ಓಡಾಟದ ಖರ್ಚು” ಎಂಬ ಹೆಸರು ತಳೆಯಿತು. ಅವರು ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತದೆ, ದಲ್ಲಾಳಿಗೆ ಕೊಟ್ಟಿದ್ದ ಅಧಿಕಾರವನ್ನು ಕಾಗದ ಬರೆದು ರದ್ದುಗೊಳಿಸಿದರು. ಗಾರೆಯವನನ್ನು ತಾವೇ ಕರೆಸಿದರು.

ಕೇಳದೆ ಎಷ್ಟರವರೆಗೆ ಖರ್ಚು ಮಾಡಬಹುದು, ರಸೀತಿ ಎಂದು ಬರಬೇಕು ಎಂಬುದನ್ನು ಮೊದಲೇ ಬರೆಯಿಸಿಕೊಳ್ಳುವುದು ಜಾಣತನ. ಆದರೆ ಅದಕ್ಕೂ ಮುಖ್ಯವಾದುದು, ಬಾಡಿಗೆದಾರನ ದೂರವಾಣಿಯ ಸಂಖ್ಯೆ ಒಡೆಯನ ಬಳಿ ಇರುವುದು. ಬಾಡಿಗೆಯ ವಸೂಲಿಯನ್ನು ಮೂರನೆಯವನಿಗೆ ವಹಿಸಬಹುದು. ಒಂದೇ ಸೂರನ್ನು ನಂಬಿದ ಇಬ್ಬರ ನಡುವಣ ಮಾತನ್ನೂ ಅವನಿಗೇ ವಹಿಸಿದರೆ, ಗೋಡೆಗಿಂತ ಮೊದಲು ಬಿರುಕು ಬಿಡುವುದು ಮನಸ್ಸು. ಅದಕ್ಕೆ ಗಾರೆಯವನು ಸಿಗುವುದಿಲ್ಲ.