ನಾಲ್ಕು ಕಾಲು ಕೂಡುವ ತನಕ

ಹೋದ ಏಪ್ರಿಲ್‌ನಲ್ಲಿ ಬಳ್ಳಾರಿಯ ನನ್ನ ಬಾಡಿಗೆ ಕೋಣೆಯಲ್ಲಿ ಫ್ಯಾನ್ ಆರಿಸಿಕೊಂಡು ಕೂತು ಐಫೆಲ್ ಗೋಪುರ ಕಟ್ಟುತ್ತಿದ್ದೆ. ನಮ್ಮಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಊರಿದು. ಇಲ್ಲಿ ಫ್ಯಾನ್ ಆರಿಸುವುದು ಸಣ್ಣ ತ್ಯಾಗವೇನಲ್ಲ. ಹಾಕಿದ್ದರೆ ಅರ್ಧ ಗೋಪುರ ಹಾರಿ ಮಂಚದಡಿ ಸೇರುತ್ತಿತ್ತು. ಅದು ಕಾಗದದ ಗೋಪುರ, ನಿಂತರೆ ಎರಡಡಿ ಎತ್ತರ.

ನಾನು ಪಿಎಚ್.ಡಿ. ಮಾಡುತ್ತಿರುವುದು 12ನೇ ಶತಮಾನದಲ್ಲಿ ಕುರುಗೋಡಿನಿಂದ ಆಳಿದ ಸಿಂದರ ಶಾಸನಗಳ ಮೇಲೆ. ಮೂರನೆಯ ಅಧ್ಯಾಯ ನಾಲ್ಕು ತಿಂಗಳಿಂದ ಒಂದೇ ಪುಟದಲ್ಲಿ ನಿಂತಿತ್ತು. ನನ್ನ ಮುಖ ನೋಡಲಾರದೆ ಗೆಳೆಯನೊಬ್ಬ ಈ ಕಿಟ್ ತಂದುಕೊಟ್ಟ. 'ಏನಾದರೂ ಒಂದನ್ನು ಮುಗಿಸು ಮಾರಾಯ' ಅಂದ.

ಕಿಟ್ ಎಂದರೆ ಬೂದು ಬಣ್ಣದ ದಪ್ಪ ಹಾಳೆಗಳ ಕಟ್ಟು. ಐಫೆಲ್ ಗೋಪುರ ಬಹುಪಾಲು ಬಯಲೇ. ಕಬ್ಬಿಣದ ಪಟ್ಟಿಗಳ ನಡುವೆ ಗಾಳಿ ಆಡಿಕೊಂಡಿರುತ್ತದೆ. ಅದನ್ನು ಇಷ್ಟು ಸಣ್ಣದಾಗಿ ಮಾಡಿದರೆ ಒಂದೊಂದು ಪಟ್ಟಿಯೂ ಮಿಲಿಮೀಟರಿನಷ್ಟು ಅಗಲ ಉಳಿಯುತ್ತದೆ. ಬ್ಲೇಡಿನಿಂದ ಕೊಯ್ಯಹೋದರೆ ಹರಿಯುತ್ತದೆ, ಅದಕ್ಕೇ ಲೇಸರ್. ಅದು ಕಾಗದವನ್ನು ಕೊಯ್ಯುವುದಿಲ್ಲ, ಗೆರೆಯುದ್ದಕ್ಕೂ ಸುಡುತ್ತದೆ. ತುಂಡುಗಳ ಅಂಚು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮೂಗಿಗೆ ಹಿಡಿದರೆ ಕಮಟು ವಾಸನೆ. ಪ್ರತಿ ತುಂಡೂ ಕೂದಲೆಳೆಯಂಥ ಎರಡು ಮೂರು ಕೊಂಡಿಗಳಲ್ಲಿ ಹಾಳೆಗೆ ಅಂಟಿಕೊಂಡಿರುತ್ತದೆ, ಪಕ್ಕದಲ್ಲಿ ಅದರ ನಂಬರು. ಕೊಂಡಿ ಕತ್ತರಿಸಬೇಕು, ಅರ್ಧ ಸುಟ್ಟ ಗೆರೆಯಲ್ಲಿ ಮಡಚಬೇಕು, ಹಲ್ಲುಕಡ್ಡಿಯ ತುದಿಯಲ್ಲಿ ಫೆವಿಕಾಲ್ ತೆಗೆದು ಮುಟ್ಟಿಸಬೇಕು.

ಎರಡು ವಾರದಲ್ಲಿ ನಾಲ್ಕು ಕಾಲು ಮುಗಿದವು. ಒಂದೊಂದು ಕೀಲನ್ನೂ ಒತ್ತಿ ಹಿಡಿದು, ಪೂರ್ತಿ ಒಣಗಿದ ಮೇಲೆಯೇ ಮುಂದಿನದಕ್ಕೆ ಹೋಗುತ್ತಿದ್ದೆ. ಆದರೆ ನಾಲ್ಕನ್ನೂ ನಿಲ್ಲಿಸಿ ಮೊದಲ ಅಂತಸ್ತಿನ ಚೌಕಟ್ಟು ಇಡಲು ಹೋದರೆ ಕೂಡಲೇ ಇಲ್ಲ. ಒಂದು ಕಾಲು ಒಳಕ್ಕೆ ತಿರುಚಿತ್ತು, ಇನ್ನೊಂದು ಜೋಳದ ಕಾಳಿನಷ್ಟು ಗಿಡ್ಡ.

ಆ ವಾರ ಸಿರುಗುಪ್ಪಕ್ಕೆ ಹೋಗುವಾಗ ಅವನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಒಯ್ದೆ. ಮನೆಯಲ್ಲಿ ಅಪ್ಪ ಡಬ್ಬಿ ತೆಗೆದು ಒಂದು ಕಾಲನ್ನು ಕೈಗೆತ್ತಿಕೊಂಡ. ನಾನು ಕೂಗಿದೆ: 'ಮುಟ್ಟಬ್ಯಾಡ, ನಿನ್ನ ಕೈಗೆ ಮುರಿತೈತಿ!'

ಅಪ್ಪ ಮೆಲ್ಲಗೆ ಕೆಳಗಿಟ್ಟ. ಮಾತಾಡಲಿಲ್ಲ.

ಹದಿನೇಳು ವರ್ಷ ಅಪ್ಪ ಮಾಡಿದ್ದು ಕರೆಂಟಿನ ಟವರ್ ನಿಲ್ಲಿಸುವ ಕೆಲಸ. ಗುತ್ತಿಗೆದಾರರ ಗ್ಯಾಂಗಿನಲ್ಲಿ ಊರೂರು ತಿರುಗಿದವನು. ನಾನು ಚಿಕ್ಕವನಿದ್ದಾಗ ಶಾಲೆಯಲ್ಲಿ 'ನಿಮ್ಮಪ್ಪ ಏನು ಮಾಡ್ತಾರೆ' ಎಂದು ಕೇಳಿದರೆ 'ಕರೆಂಟ್ ಆಫೀಸು' ಎನ್ನುತ್ತಿದ್ದೆ.

ರಾತ್ರಿ ಊಟದ ಹೊತ್ತಿಗೆ ಅಪ್ಪನೇ ಬಾಯಿಬಿಟ್ಟ. 'ಒಂದೊಂದ ಬೋಲ್ಟು ಬಿಗಿ ಮಾಡಿಕೋಂತ ಹೋಗಿಯಲ್ಲ, ಅದಕ್ಕ ತಿರುಚೇತಿ. ಮೊದಲು ಎಲ್ಲಾ ಸಡಿಲ ಬಿಡಬೇಕು. ನಾಕೂ ಕಾಲು ಕೂಡಿದ ಮ್ಯಾಲೆ ಬಿಗಿ ಮಾಡಬೇಕು.'

ಪ್ಯಾರಿಸ್ಸಿನಲ್ಲಿ ಮಾಡಿದ್ದೂ ಇಂಥದ್ದೇ. ಆ ಗೋಪುರದ 18,038 ಕಬ್ಬಿಣದ ಭಾಗಗಳು ಕಾರ್ಖಾನೆಯಲ್ಲೇ ಅಳತೆಗೆ ತಯಾರಾಗಿ ಬಂದವು. ಆದರೂ ಓರೆಯಾಗಿ ಮೇಲೇರುವ ನಾಲ್ಕು ಕಾಲುಗಳನ್ನು ಮೊದಲ ಅಂತಸ್ತಿನಲ್ಲಿ ಕೂಡಿಸುವುದೇ ದೊಡ್ಡ ಕಷ್ಟವಾಗಿತ್ತು. ಅದಕ್ಕೆ ಮರಳು ತುಂಬಿದ ಪೆಟ್ಟಿಗೆಗಳನ್ನೂ ಹೈಡ್ರಾಲಿಕ್ ಜಾಕ್‌ಗಳನ್ನೂ ಇಟ್ಟಿದ್ದರು. ಮರಳು ಸ್ವಲ್ಪ ಬಿಟ್ಟರೆ ಇಳಿಯುತ್ತದೆ, ಜಾಕ್ ಒತ್ತಿದರೆ ಏರುತ್ತದೆ. ಹೀಗೆ ಹೊಂದಿಸಿ 1887ರ ಡಿಸೆಂಬರಿನಲ್ಲಿ ನಾಲ್ಕನ್ನೂ ಕೂಡಿಸಿದರು. ಇದನ್ನೆಲ್ಲ ನಾನು ಓದಿದ್ದೆ. ಕೈಗೆ ಮಾತ್ರ ತಿಳಿದಿರಲಿಲ್ಲ.

ಮರುದಿನ ಅಪ್ಪ ಬೈಕ್ ತೆಗೆದ. ಕುರುಗೋಡಿನ ಹತ್ತಿರ, ರಸ್ತೆಯಿಂದ ಸ್ವಲ್ಪ ಒಳಗೆ, ಭತ್ತ ಕೊಯ್ದ ಗದ್ದೆಯಲ್ಲಿ ಒಂದು ಟವರ್ ಇತ್ತು. ಶಾಸನ ನೋಡಲು ಎಷ್ಟೋ ಸಲ ಇದೇ ದಾರಿಯಲ್ಲಿ ಹೋದವನು ನಾನು, ಒಮ್ಮೆಯೂ ಅದರತ್ತ ತಲೆಯೆತ್ತಿ ನೋಡಿರಲಿಲ್ಲ. ಅಪ್ಪ ಬುಡದ ಪಟ್ಟಿಯೊಂದನ್ನು ಹೆಬ್ಬೆರಳಿನಿಂದ ಉಜ್ಜಿದ. ಸತುವಿನ ಲೇಪದಡಿ ಒತ್ತಿ ಮೂಡಿಸಿದ ಅಕ್ಷರ, ಅಂಕಿ. 'ಪ್ರತಿ ಪಟ್ಟಿಗೂ ನಂಬರ್ ಇರ್ತೈತಿ. ನಕ್ಷೆದಾಗಿನ ಇಂಗ್ಲಿಷು ನಮಗೆಲ್ಲಿ ತಿಳೀಬೇಕು? ನಂಬರ್ ನೋಡೇ ಮ್ಯಾಲೆ ಕಳಸ್ತಿದ್ವಿ. ನಿನ್ನ ಹಾಳಿದಾಗೂ ಹಂಗಽ ಐತಲ್ಲ.'

ಡಬ್ಬಿ ತೆಗೆದ ಆ ಒಂದು ಗಳಿಗೆಯಲ್ಲಿ ಅಪ್ಪ ಅದನ್ನು ನೋಡಿಬಿಟ್ಟಿದ್ದ.

ಶಾಸನಗಳಲ್ಲಿ ದಾನ ಕೊಟ್ಟವನ ಹೆಸರು, ರಾಜನ ಹೆಸರು ಸಿಗುತ್ತವೆ. ಒಮ್ಮೊಮ್ಮೆ ಕೊನೆಯಲ್ಲಿ ಕಲ್ಲು ಕಂಡರಿಸಿದವನ ಹೆಸರೂ ಸಿಕ್ಕಿದಾಗ ಹಿಗ್ಗಿ ಟಿಪ್ಪಣಿ ಬರೆದುಕೊಳ್ಳುತ್ತೇನೆ. ಐಫೆಲ್ ಗೋಪುರದ ಮೇಲೆ 72 ವಿಜ್ಞಾನಿ, ಎಂಜಿನಿಯರುಗಳ ಹೆಸರುಗಳಿವೆ. ರಿವೆಟ್ ಬಡಿದವರದು ಆ ಪಟ್ಟಿಯಲ್ಲಿಲ್ಲ. ಈ ಟವರಿನ ಮೇಲೆ ಇದ್ದದ್ದು ತಲೆಬುರುಡೆಯ ಅಪಾಯದ ಫಲಕ ಮತ್ತು ಒಂದು ಸಂಖ್ಯೆ.

ಬಳ್ಳಾರಿಗೆ ಮರಳಿದ ಮೇಲೆ ಕೀಲುಗಳಿಗೆ ಒದ್ದೆ ಹತ್ತಿ ಒತ್ತಿ ಅಂಟು ಬಿಡಿಸಿದೆ. ಹರಿದುಹೋದ ತುಂಡುಗಳನ್ನು ಮದುವೆ ಕಾರ್ಡು ಕತ್ತರಿಸುವ ಲೇಸರ್ ಅಂಗಡಿಯಲ್ಲಿ ಮತ್ತೆ ಮಾಡಿಸಿದೆ. ಈ ಸಲ ಒಂದೊಂದು ಕೀಲಿಗೂ ಚುಕ್ಕೆಯಷ್ಟೇ ಅಂಟು. ನಾಲ್ಕು ಕಾಲೂ ಚೌಕಟ್ಟಿಗೆ ಕೂತ ಮೇಲೆ ಉಳಿದದ್ದನ್ನು ತುಂಬಿದೆ.

ಗೋಪುರ ಈಗ ಸಿರುಗುಪ್ಪದ ಮನೆಯಲ್ಲಿ ಟಿವಿಯ ಪಕ್ಕ ನಿಂತಿದೆ, ತುಸು ಎಡಕ್ಕೆ ವಾಲಿಕೊಂಡು. ಅದರ ಬುಡದಲ್ಲಿ ಅಪ್ಪನ ಹೆಸರು ಬರೆಯುತ್ತೇನೆ ಎಂದೆ. ಅಪ್ಪ ನಕ್ಕ. 'ಹೆಸರು ಬರದ್ರ ಕಂಬ ಗಟ್ಟಿ ಆಗ್ತೈತೇನು?'

ಬರೆಯಲಿಲ್ಲ. ಬದಲಿಗೆ ಗ್ಯಾಂಗಿನಲ್ಲಿ ಜೊತೆಗಿದ್ದವರ ಹೆಸರು ಕೇಳಿದೆ. ಅಪ್ಪ ಬೆರಳು ಮಡಚುತ್ತ ಹನ್ನೊಂದು ಹೆಸರು ಹೇಳಿ ನಿಲ್ಲಿಸಿದ. ಹನ್ನೆರಡನೆಯವನ ಊರು ನೆನಪಿತ್ತು, ಹೆಸರು ಬರಲಿಲ್ಲ. ಶಾಸನಗಳ ಟಿಪ್ಪಣಿ ಬರೆಯುವ ನೋಟುಬುಕ್ಕಿನಲ್ಲೇ ಅವನ್ನೆಲ್ಲ ಬರೆದುಕೊಂಡು, ಹನ್ನೆರಡನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ.